ಸೊಪ್ಪಿನಂಗಡಿಯ ಕ್ಯೂಆರ್ ಮತ್ತು ನನ್ನ ಕ್ಯಾಂಟನೀಸ್

ಹಾಂಗ್ ಕಾಂಗ್‌ನಲ್ಲಿ ಬಾಯಿ ಬಿಡದೆ ವರ್ಷಗಟ್ಟಲೆ ಸಂಸಾರ ಮಾಡಬಹುದು. ಆಕ್ಟೋಪಸ್ ಕಾರ್ಡ್ ಒಂದಿದ್ದರೆ ಸಾಕು. 1997ರಲ್ಲಿ ರೈಲು, ಬಸ್ಸಿನ ಟಿಕೆಟ್ಟಿಗೆ ಅಂತ ಶುರುವಾದ ಕಾರ್ಡ್ ಇದು. ಈಗ ಬೇಕರಿ, ಸೂಪರ್ ಮಾರ್ಕೆಟ್, ತಿಂಡಿ ಅಂಗಡಿ, ಎಲ್ಲಾ ಕಡೆ ನಡೆಯುತ್ತದೆ. ಅಂಗಡಿಯವರು ಮೊತ್ತ ಒತ್ತುತ್ತಾರೆ, ಯಂತ್ರದಲ್ಲಿ ಅಂಕಿ ಕಾಣುತ್ತದೆ, ಕಾರ್ಡ್ ತಾಗಿಸಿದರೆ 'ದೂತ್' ಅನ್ನುತ್ತದೆ. ಮುಗೀತು. ಇಲ್ಲಿಯವರ ಬಾಯಲ್ಲಿ ಅದರ ಹೆಸರು 'ಬಾತ್ ದಾತ್ ತುಂಗ್'. ತಾಗಿಸುವುದಕ್ಕೂ ಸುಮ್ನೆ 'ದೂತ್' ಅಂತಲೇ ಹೇಳುತ್ತಾರೆ.

ಕಾರ್ಡಿನಲ್ಲಿ ದುಡ್ಡು ಕಮ್ಮಿ ಇದ್ದರೂ ಅದು ಮರ್ಯಾದೆ ಕಳೆಯುವುದಿಲ್ಲ. 2017ರ ಅಕ್ಟೋಬರ್ ನಂತರ ಕೊಟ್ಟ ಕಾರ್ಡುಗಳು 50 ಡಾಲರ್‌ವರೆಗೆ ಮೈನಸ್‌ಗೆ ಹೋಗಬಹುದು. ತುಂಬಿಸಬೇಕಾದರೆ ಮೂಲೆಯ ಅಂಗಡಿಯಲ್ಲಿ ನೂರರ ನೋಟು, ಕಾರ್ಡು ಎರಡನ್ನೂ ಮುಂದಿಟ್ಟರೆ ಆಯಿತು. ಅಲ್ಲೂ ಮಾತು ಬೇಕಿಲ್ಲ.

ನಮ್ಮ ಆಫೀಸಿನಲ್ಲೂ ಎಲ್ಲ ಇಂಗ್ಲಿಷೇ. ಹಾಗಾಗಿ ಇಲ್ಲಿಯವರ ಭಾಷೆ ಕ್ಯಾಂಟನೀಸ್ ಕಲಿಯುವ ತುರ್ತು ನನಗೆ ಬಂದೇ ಇರಲಿಲ್ಲ. ಬಂದದ್ದು ಶಾಮ್ ಶುಯಿ ಪೋ ಮಾರುಕಟ್ಟೆಯಲ್ಲಿ, ಅದೂ ಮೊಬೈಲ್ ಪಾವತಿಯ ದೆಸೆಯಿಂದ. ವಿಚಿತ್ರ ಅಲ್ವಾ?

2018ರಲ್ಲಿ ಇಲ್ಲಿ ಎಫ್‌ಪಿಎಸ್ ಬಂತು. ಬ್ಯಾಂಕಿನಿಂದ ಬ್ಯಾಂಕಿಗೆ ತಕ್ಷಣ ದುಡ್ಡು ಹೋಗುವ ವ್ಯವಸ್ಥೆ, ಫೋನ್ ನಂಬರ್ ಇದ್ದರೆ ಸಾಕು. ನಾನು ಹೋಗುವ ಸೊಪ್ಪಿನಂಗಡಿಯ ಅಜ್ಜಿಯೂ ಒಂದು ಕ್ಯೂಆರ್ ಚೀಟಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ತಕ್ಕಡಿಗೆ ನೇತು ಹಾಕಿದ್ದಾರೆ. ನೀರು ಚಿಮುಕಿಸಿ ಚಿಮುಕಿಸಿ ಅದರ ಒಂದು ಮೂಲೆ ಸುಕ್ಕಾಗಿದೆ. ಆಕ್ಟೋಪಸ್‌ನಲ್ಲಿ ಮೊತ್ತ ಒತ್ತುವವರು ಅಂಗಡಿಯವರು. ಈ ಚೀಟಿಯಲ್ಲಿ ಮೊತ್ತವೇ ಇಲ್ಲ. ಅಜ್ಜಿ ಬಾಯಲ್ಲಿ ಹೇಳಬೇಕು, ನಾನು ಕೇಳಿಸಿಕೊಂಡು ಒತ್ತಬೇಕು!

ಅಜ್ಜಿ ಹೇಳುವುದು ಪುಸ್ತಕದ ಲೆಕ್ಕದಲ್ಲಲ್ಲ. 28ಕ್ಕೆ ಪುಸ್ತಕದಲ್ಲಿ 'ಯೀ ಸಪ್ ಬಾತ್' ಅಂತ ಇದೆ. ಮಾರುಕಟ್ಟೆಯಲ್ಲಿ 'ಯಾ ಬಾತ್'. 38 ಆದರೆ 'ಸಾ ಆ ಬಾತ್'. ಎರಡೂವರೆ ಡಾಲರ್‌ಗೆ 'ಲೋಂಗ್ ಗೋ ಬೂನ್'. 14 ಅಂದರೆ 'ಸಪ್ ಸೇಯ್', 40 ಅಂದರೆ 'ಸೇಯ್ ಸಪ್'. ಪಕ್ಕದಲ್ಲಿ ಮೀನಿನವನು ಕೂಗುತ್ತಿದ್ದರೆ ಯಾವುದು ಮೊದಲು ಬಂತು ಅಂತ ಕಿವಿಗೆ ಗೊತ್ತಾಗಬೇಕು. ಅಜ್ಜಿ ಹತ್ತಿರ ಕ್ಯಾಲ್ಕುಲೇಟರ್ ಇದೆ, ತೋರಿಸಿ ಅಂದರೆ ತೋರಿಸುತ್ತಾರೆ. ಆದರೆ ಹಿಂದೆ ಜನ ನಿಂತಿರುತ್ತಾರೆ, ಅವರ ಕೈ ಒದ್ದೆ ಇರುತ್ತದೆ. ಕೇಳೋಕೆ ನನಗೇ ಸಂಕೋಚ. ಹೀಗೆ ನೂರರವರೆಗಿನ ಲೆಕ್ಕ ಕಿವಿಗೆ ಹತ್ತಿತು. ದುಡ್ಡು ಹೋದ ಮೇಲೆ ಪರದೆ ತೋರಿಸಿದರೆ ಅಜ್ಜಿ ನೋಡಿ ತಲೆ ಆಡಿಸುತ್ತಾರೆ, ಎರಡು ಎಳೆ ಈರುಳ್ಳಿ ಸೊಪ್ಪು ಕವರಿಗೆ ತುರುಕುತ್ತಾರೆ. ಅದಕ್ಕೆ ದುಡ್ಡಿಲ್ಲ. ಆ ಸೊಪ್ಪಿನ ಆಸೆಗೇ ನಾನು ಸೂಪರ್ ಮಾರ್ಕೆಟ್ ಬಿಟ್ಟೆ ಅಂದರೂ ಸುಳ್ಳಲ್ಲ.

ಕೆಂಪು ಮಿನಿಬಸ್ಸಿನದ್ದು ಇನ್ನೊಂದು ಕಥೆ. ಹಸಿರು ಮಿನಿಬಸ್‌ಗಳಲ್ಲಿ ಆಕ್ಟೋಪಸ್ ಇದೆ, ದರವೂ ಗೊತ್ತಿರುತ್ತದೆ. ಕೆಂಪು ಬಸ್ಸಿಗೆ ದರ ಅವರದ್ದೇ, ಬಹಳ ಕಡೆ ಚಿಲ್ಲರೆಯೇ ಕೊಡಬೇಕು. ಇಳಿಯಬೇಕಾದರೆ 'ಯಾವ್ ಲೋಕ್' ಅಂತ ಗಟ್ಟಿಯಾಗಿ ಕೂಗಬೇಕು. ಮೆಲ್ಲಗೆ ಹೇಳಿದರೆ ಡ್ರೈವರ್‌ಗೆ ಕೇಳಿಸದು, ಬಸ್ಸು ಮುಂದಕ್ಕೆ ಹೋಗೇ ಬಿಡುತ್ತದೆ. ನನ್ನ ಹೆಂಡತಿ ಇವತ್ತಿಗೂ ಕೂಗಲು ನಾಚುತ್ತಾಳೆ, ನನ್ನ ಮೊಣಕೈ ತಿವಿಯುತ್ತಾಳೆ. ಕೂಗುವ ಕೆಲಸ ನನ್ನದು, ಚಿಲ್ಲರೆ ಎಣಿಸುವ ಕೆಲಸ ಅವಳದು.