ಮಾಡೆಲ್ ಟಿ ಕೈಗೆ ಬಂದರೆ

ಫೋರ್ಡ್ ಕಂಪನಿ 1908ರಿಂದ 1927ರವರೆಗೆ ತಯಾರಿಸಿದ ಮಾಡೆಲ್ ಟಿ ಕಾರು ಓಡಿಸಲು ಕೂತರೆ ಮೊದಲು ತಡವರಿಸುವುದು ಕಾಲು. ಪೆಡಲ್ ಮೂರಿವೆ, ಒಂದೂ ಎಕ್ಸಿಲರೇಟರ್ ಅಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಲೋ ಗೇರ್, ಅರ್ಧ ಬಿಟ್ಟರೆ ನ್ಯೂಟ್ರಲ್, ಪೂರ್ತಿ ಬಿಟ್ಟರೆ ಟಾಪ್. ನಡುವಿನದು ರಿವರ್ಸ್, ಬಲಗಡೆಯದು ಬ್ರೇಕ್. ಸ್ಟಿಯರಿಂಗ್ ಕೆಳಗಿನ ಬಲ ಲಿವರ್ ಎಕ್ಸಿಲರೇಟರ್. ಎಡ ಲಿವರ್ ಸ್ಪಾರ್ಕಿನದು, ಅಂದರೆ ಪೆಟ್ರೋಲ್ ಹೊತ್ತಿಸುವ ಕಿಡಿ ಬೇಗ ಬೀಳಬೇಕೋ ತಡವಾಗಿಯೋ ಎಂದು ಹೊಂದಿಸುವುದು.

ಎಂಜಿನ್ ಸ್ಟಾರ್ಟ್ ಮಾಡಲು ಗಾಡಿಯ ಮುಂದಿರುವ ಹ್ಯಾಂಡಲ್ ತಿರುಗಿಸುವ ಮುಂಚೆ ಸ್ಪಾರ್ಕ್ ಲಿವರನ್ನು ಪೂರ್ತಿ ಮೇಲಕ್ಕೆ ತಳ್ಳಿ, ಹ್ಯಾಂಡ್‌ಬ್ರೇಕ್ ಪೂರ್ತಿ ಹಿಂದಕ್ಕೆಳೆಯಿರಿ. ಹ್ಯಾಂಡಲನ್ನು ಎಡಗೈಯಲ್ಲೇ ಹಿಡಿಯಿರಿ, ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಲಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಕೆಳಕ್ಕೆ ಅದುಮಲೇಬೇಡಿ. ಸ್ಪಾರ್ಕ್ ಬೇಗ ಬಿದ್ದರೆ ಎಂಜಿನ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುತ್ತದೆ. ಚಳಿಯಲ್ಲಿ ಗಟ್ಟಿಯಾದ ಆಯಿಲ್‌ನಿಂದ ಕ್ಲಚ್ ಪ್ಲೇಟುಗಳು ಅಂಟಿಕೊಂಡು, ಸ್ಟಾರ್ಟ್ ಆದ ಗಾಡಿ ಎದುರು ನಿಂತವರ ಮೇಲೇ ಬರಬಹುದು. ಅದಕ್ಕೇ ಉಳಿದ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕ್ ಮೇಲೆ ಎತ್ತುತ್ತಿದ್ದರು.

ಟ್ಯಾಂಕಿನಿಂದ ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಗಾಡಿಯಲ್ಲಿಲ್ಲ, ಅದು ತಾನಾಗಿಯೇ ಕೆಳಕ್ಕೆ ಹರಿಯಬೇಕು. ಹೆಚ್ಚಿನ ಮಾದರಿಗಳಲ್ಲಿ ಟ್ಯಾಂಕ್ ಸೀಟಿನಡಿ ಇರುವುದರಿಂದ, ಪೆಟ್ರೋಲ್ ಕಡಿಮೆಯಿದ್ದಾಗ ಕಡಿದಾದ ಏರಿನಲ್ಲಿ ಪೆಟ್ರೋಲ್‌ಗೆ ಗಾಳಿ ಬೆರೆಸುವ ಕಾರ್ಬುರೇಟರ್ ಟ್ಯಾಂಕಿಗಿಂತ ಮೇಲೇರಿ ಎಂಜಿನ್ ನಿಂತುಹೋಗುತ್ತದೆ. ಆಗ ರಿವರ್ಸ್‌ನಲ್ಲೇ ಗುಡ್ಡ ಹತ್ತಬೇಕು.

ನನ್ನ ಪ್ರಕಾರ ನಿಜವಾದ ಅಪಾಯ ಹಿಂದಿನ ಆಕ್ಸಲ್‌ನಲ್ಲಿದೆ. ಅಲ್ಲಿ ಹಲ್ಲುಚಕ್ರಗಳನ್ನು ಜಾಗದಲ್ಲಿ ಹಿಡಿದಿಡುವ, ಬ್ಯಾಬಿಟ್ ಎಂಬ ಮೆದು ಮಿಶ್ರಲೋಹದ ಥ್ರಸ್ಟ್ ವಾಷರ್‌ಗಳು ಹಳತಾಗಿ ಪುಡಿಯಾದರೆ, ಚಕ್ರ ತಿರುಗಿಸುವ ದೊಡ್ಡ ಹಲ್ಲುಚಕ್ರ (ಕ್ರೌನ್ ವೀಲ್) ಎಂಜಿನ್ ಕಡೆಯ ಚಿಕ್ಕ ಹಲ್ಲುಚಕ್ರದಿಂದ (ಪಿನಿಯನ್) ದೂರ ಸರಿಯುತ್ತದೆ. ಕಾಲಿನ ಬ್ರೇಕ್ ಹಿಡಿಯುವುದು ಗೇರ್‌ಬಾಕ್ಸ್ ಒಳಗೆ. ಚಕ್ರಕ್ಕೆ ಕೊಂಡಿಯೇ ತಪ್ಪಿದ ಮೇಲೆ ಅದು ಯಾವ ಕೆಲಸಕ್ಕೂ ಬಾರದು. ಗಾಡಿ ಕೊಂಡವರು ಬಣ್ಣ, ಹುಡ್ ಎಂದು ದುಡ್ಡು ಸುರಿಯುವ ಮೊದಲು ಆಕ್ಸಲ್ ಬಿಚ್ಚಿಸಿ ಕಂಚಿನ ವಾಷರ್ ಹಾಕಿಸಬೇಕು.

ಇಷ್ಟಾದರೂ ಈ ಗಾಡಿಯ ಮೇಲೆ ಪ್ರೀತಿ ಹುಟ್ಟುವುದು ರಿಪೇರಿಗೆ ಕೂತಾಗ. ನಾಲ್ಕು ಸಿಲಿಂಡರಿಗೆ ಕಿಡಿ ಹುಟ್ಟಿಸುವ, ಮರದ ಪೆಟ್ಟಿಗೆಯ ನಾಲ್ಕು ಕಾಯಿಲ್‌ಗಳು ಹೆಚ್ಚಿನ ಮಾದರಿಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೆಯೇ ಝೀಂಗುಡುತ್ತಿರುತ್ತವೆ. ಎಂಜಿನ್ ಒಂದು ಏಟು ತಪ್ಪಿಸುತ್ತಿದೆಯೇ? ಮುಚ್ಚಳ ತೆಗೆದು, ಓಡುತ್ತಿರುವಾಗಲೇ ಒಂದೊಂದು ಕಾಯಿಲ್‌ನ ಕಂಪಿಸುವ ಪಟ್ಟಿಯನ್ನು ಬೆರಳಿನಿಂದ ಅದುಮಿ. ಯಾವುದನ್ನು ಅದುಮಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಎಂಜಿನ್ ನಿಲ್ಲಿಸಿ, ಆ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ತೊಂದರೆಯೂ ಜೊತೆಗೇ ಪಕ್ಕಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ವೈರ್, ಯಾವ ಕಾಯಿಲ್‌ಗೆ ಯಾವಾಗ ಕರೆಂಟ್ ಎಂದು ಹಂಚುವ ಟೈಮರ್ ನೋಡಿ.