ಸರಿ ಬಿಡು

ಮೊದಲ ದಿನ ಥೆರಪಿಗೆ ಹೋದಾಗ ನನ್ನ ಫೋನಿನಲ್ಲಿ ಒಂದು ಪಟ್ಟಿ ಇತ್ತು. ಹೆಂಡತಿಯ ತಪ್ಪುಗಳ ಪಟ್ಟಿ. ಒಟ್ಟು 11. ಏನೂ ಬಿಟ್ಟು ಹೋಗಬಾರದು ಅಂತ ಹಿಂದಿನ ರಾತ್ರಿ ಕೂತು ಬರೆದಿದ್ದೆ. ಹೊರಗೆ ಕಾಯುವಾಗ ಇನ್ನೊಂದು ಸಲ ಓದಿ, ನಾಲ್ಕನೆಯದನ್ನು ಎರಡನೇ ಜಾಗಕ್ಕೆ ತಂದೆ.

ಮೇಡಂ ಆ ಪಟ್ಟಿ ಕೇಳಲೇ ಇಲ್ಲ. "ಕೊನೆಯ ಜಗಳ ಯಾವಾಗ ಆಯ್ತು? ಯಾರು ಎಲ್ಲಿ ಕೂತಿದ್ರಿ?" ಅಂದರು.

"ಜಗಳ ಅಂತ ಏನಿಲ್ಲ ಮೇಡಂ. ನಾನು ಜಗಳ ಆಡೋನೇ ಅಲ್ಲ." ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಹಾಗಾದ್ರೆ ಆಗದೇ ಉಳಿದ ಜಗಳದ ಬಗ್ಗೆ ಹೇಳಿ."

ಹೇಳಿದೆ. ಮೂರು ದಿನದ ಹಿಂದೆ ರಾತ್ರಿ ಅವಳು ಬಾಗಿಲ ಹತ್ತಿರ ನಿಂತು "ನಾಳೆ ಅಮ್ಮನ ರಿಪೋರ್ಟ್ ತೋರಿಸೋಕೆ ನೀನೂ ಬರ್ತೀಯಾ?" ಅಂತ ಕೇಳಿದಳು. ನಾನು ಲ್ಯಾಪ್‌ಟಾಪ್‌ನಿಂದ ತಲೆ ಎತ್ತದೆ "ನೋಡೋಣ" ಅಂದೆ. "ನಿಂದು ಯಾವಾಗಲೂ ನೋಡೋಣಾನೇ" ಅಂದಳು. "ಸರಿ ಬಿಡು" ಅಂದೆ. ಅಷ್ಟೇ. ಆಮೇಲೆ ಎರಡು ದಿನ ಮನೆಯಲ್ಲಿ ಮಾತಿಲ್ಲ.

ಮೇಡಂ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟರು. "ಸರಿ ಬಿಡು ಅಂದ್ರಲ್ಲ, ಸರಿಯಾಗಿದ್ದು ಯಾವುದು? ಬಿಡಬೇಕಾಗಿದ್ದು ಯಾವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದಿನಕ್ಕೆ ಹತ್ತು ಸಲ ಆಡುವ ಮಾತು. ಅದಕ್ಕೊಂದು ಅರ್ಥ ಇರಬೇಕು ಅಂತ ಯಾವತ್ತೂ ಯೋಚಿಸಿರಲಿಲ್ಲ.

ಆ ಐವತ್ತು ನಿಮಿಷದ ಸೆಷನ್‌ನಲ್ಲಿ ಉಳಿದಿದ್ದ ಸಮಯವೆಲ್ಲ ಆ ಅರ್ಧ ನಿಮಿಷಕ್ಕೇ ಹೋಯಿತು. ಕ್ರಿಕೆಟ್‌ನಲ್ಲಿ ರನೌಟ್ ಅನ್ನು ನಿಧಾನವಾಗಿ ಮತ್ತೆ ಮತ್ತೆ ತೋರಿಸ್ತಾರಲ್ವಾ, ಹಾಗೆ. ಅವಳ ದನಿ ಹೇಗಿತ್ತು? ನಿಮ್ಮ ಭುಜ ಹೇಗಿತ್ತು? ಉಸಿರು? "ಏನೂ ಅನ್ನಿಸಲಿಲ್ಲ ಮೇಡಂ, ನಾನು ಕೂಲಾಗೇ ಇದ್ದೆ" ಅಂತಲೇ ಹೇಳುತ್ತಾ ಹೋದೆ. ಅವರು ನನ್ನ ಕೈಯಲ್ಲಿದ್ದ ವಾಚ್ ನೋಡಿ, "ಅದು ಹೃದಯ ಬಡಿತ ತೋರಿಸುತ್ತಾ?" ಅಂದರು. ಹಿಂದಿನ ಲೆಕ್ಕ ತೆಗೆದು ನೋಡಿದೆ. ಆ ರಾತ್ರಿ 9.12ಕ್ಕೆ 118. ಕುರ್ಚಿಯಲ್ಲಿ ಸುಮ್ನೆ ಕೂತಿದ್ದವನಿಗೆ!

ಆಮೇಲೆ ನಾನು ಓದಲು ಶುರು ಮಾಡಿದೆ. (ಸಮಸ್ಯೆ ಬಂದಾಗ ಓದುವುದು ಕೂಡ ಒಂಥರಾ ತಪ್ಪಿಸಿಕೊಳ್ಳುವುದೇ. ಅದನ್ನೂ ಮೇಡಂ ಹೇಳಿದರು.) ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಗಾಟ್‌ಮನ್ ಗಂಡ ಹೆಂಡತಿಯರನ್ನು ಎದುರುಬದುರು ಕೂರಿಸಿ, ಮೈಗೆ ಸೆನ್ಸರ್ ಹಾಕಿ, ಜಗಳದ ವಿಷಯ ಮಾತಾಡಿಸಿ ವರ್ಷಗಟ್ಟಲೆ ಗಮನಿಸಿದವರು. ಸಂಬಂಧ ಕೆಡಿಸುವ ನಾಲ್ಕು ಅಭ್ಯಾಸಗಳನ್ನು ಅವರು ಹೇಳುತ್ತಾರೆ: ದೂರುವುದು, ತಿರಸ್ಕಾರ, ತನ್ನದೇ ಸರಿ ಅಂತ ಸಮರ್ಥಿಸಿಕೊಳ್ಳುವುದು, ಗೋಡೆಯ ಹಾಗೆ ಸುಮ್ಮನಾಗಿಬಿಡುವುದು. ನಾಲ್ಕನೆಯದು ನಾನೇ. ಗೋಡೆಯಾಗುವವರಲ್ಲಿ ಹೆಚ್ಚಿನವರು ಗಂಡಸರು ಅಂತಲೂ ಅವರಿಗೆ ಕಂಡುಬಂದಿತ್ತು. ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ಕಿವಿಗೆ ಬಿದ್ದರೂ ತಲೆಗೆ ಹತ್ತುವುದಿಲ್ಲವಂತೆ. ಮೈ ತಣ್ಣಗಾಗಲು ಕನಿಷ್ಠ 20 ನಿಮಿಷ ಬೇಕಂತೆ.

ನನಗೆ ಅದಕ್ಕಿಂತ ಜಾಸ್ತಿ ತಟ್ಟಿದ್ದು ಪುಟ್ಟ ಮಕ್ಕಳ ಅಧ್ಯಯನ. ಮೇರಿ ಐನ್ಸ್‌ವರ್ತ್ ಎಂಬವರು ಸುಮಾರು ಒಂದು ವರ್ಷದ ಮಕ್ಕಳ ಅಮ್ಮಂದಿರನ್ನು ಸ್ವಲ್ಪ ಹೊತ್ತು ಕೋಣೆಯಿಂದ ಹೊರಗೆ ಕಳಿಸಿ, ವಾಪಸ್ ಬಂದಾಗ ಮಗು ಏನು ಮಾಡುತ್ತದೆ ಅಂತ ನೋಡಿದರು. ಕೆಲವು ಮಕ್ಕಳು ಅಳುತ್ತಾ ಓಡಿ ಬರುತ್ತವೆ. ಇನ್ನು ಕೆಲವು ತಲೆಯನ್ನೇ ಎತ್ತುವುದಿಲ್ಲ, ಆಟಿಕೆ ಹಿಡಿದು ಕೂತಿರುತ್ತವೆ. ಎಷ್ಟು ಗಟ್ಟಿ ಮಗು ಅನ್ನಿಸಬೇಕು. ಆದರೆ ಮುಂದೆ ಬೇರೆಯವರು ಅಂಥ ಮಕ್ಕಳ ಹೃದಯ ಬಡಿತ ಅಳೆದಾಗ, ಅದೂ ಜೋರಾಗಿಯೇ ಏರಿತ್ತು. ಅಮ್ಮ ಮಗುವಿನ ಇದೇ ನಂಟಿನ ಲೆಕ್ಕ ದೊಡ್ಡವರ ಪ್ರೀತಿಗೂ ಹೊಂದುತ್ತದೆ ಅಂತ 1987ರಲ್ಲಿ ಮನಃಶಾಸ್ತ್ರಜ್ಞರಾದ ಹೇಜ಼ನ್ ಮತ್ತು ಶೇವರ್ ಬರೆದರು. ಓದುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ಲ್ಯಾಪ್‌ಟಾಪ್.

ಎಲ್ಲದಕ್ಕೂ ಬಾಲ್ಯವೇ ಕಾರಣ ಅನ್ನುವ ಮಾತು ನನಗೆ ಅಷ್ಟು ಹಿಡಿಸುವುದಿಲ್ಲ. ಆದರೂ ಹೇಳಿಬಿಡುತ್ತೇನೆ. ಅಪ್ಪನ ದನಿ ಏರಿದಾಗ ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು, ಪುಟ ತಿರುಗಿಸದೆ ಕೂರುತ್ತಿದ್ದೆ. ಎಂಟು ವರ್ಷದ ಹುಡುಗನಿಗೆ ಅದು ಒಳ್ಳೆಯ ಉಪಾಯವೇ. ನನಗೀಗ 41.

ಏಳನೇ ಸೆಷನ್ ಹೊತ್ತಿಗೆ ಅವಳನ್ನೂ ಕರೆದೆ. "ಮೂರನೆಯವರ ಮುಂದೆ ನಮ್ಮ ಮನೆ ವಿಷಯ ಯಾಕೆ?" ಅಂದಳು. ತಪ್ಪೇನಿಲ್ಲ, ನಾನೂ ಮೊದಲು ಅದನ್ನೇ ಅಂದಿದ್ದೆ. ಜೋಡಿಯಾಗಿ ಬರುವುದಾದರೆ ಬೇರೆ ಥೆರಪಿಸ್ಟ್ ಒಳ್ಳೆಯದು, ನಾನು ಇಷ್ಟು ದಿನ ನಿಮ್ಮ ಕಡೆಯ ಕಥೆಯನ್ನೇ ಕೇಳಿದ್ದೇನೆ ಅಂತ ಮೇಡಂ ಇನ್ನೊಬ್ಬರ ಹತ್ತಿರ ಕಳಿಸಿದರು. ಅವರು ಮೊದಲು ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ಮನೆಯಲ್ಲಿ ಹೊಡೆತ, ಬೆದರಿಕೆ, ಹೆದರಿಕೆ ಏನಾದರೂ ಇದೆಯಾ ಅಂತ ಕೇಳಿದರು. ಇದ್ದರೆ ಜೋಡಿ ಥೆರಪಿ ಮೊದಲ ದಾರಿಯಲ್ಲ, ಮೊದಲು ಹೆದರಿಕೆಯಲ್ಲಿ ಇರುವವರ ಸುರಕ್ಷತೆ. ಇದನ್ನು ಕೇಳದೆಯೇ ಶುರು ಮಾಡುವವರ ಬಗ್ಗೆ ನನಗೆ ಅನುಮಾನವೇ.

ಜೋಡಿಯಾಗಿ ಕೂತಾಗ ಅವರು ಅವಳನ್ನು ಕೇಳಿದರು: "ಇವರು 'ಸರಿ ಬಿಡು' ಅಂದಾಗ ನಿಮಗೆ ಏನಾಗುತ್ತೆ?"

ಅವಳು ಸ್ವಲ್ಪ ಹೊತ್ತು ಕೈಚೀಲದ ಜಿಪ್ ಎಳೆಯುತ್ತಾ ಇದ್ದಳು. "ಫೋನ್ ಕಟ್ ಆದ ಹಾಗೆ ಆಗುತ್ತೆ. ಆ ಕಡೆ ಯಾರೂ ಇಲ್ಲ ಅಂತ ಗೊತ್ತಿರುತ್ತೆ. ಆದ್ರೂ ನಾನು ಹಲೋ ಹಲೋ ಅಂತ ಇನ್ನೂ ಜೋರಾಗಿ ಕೂಗ್ತಾನೇ ಇರ್ತೀನಿ."

ನನ್ನ ಪಟ್ಟಿಯಲ್ಲಿ ಒಂದನೇ ನಂಬರ್ ಏನಿತ್ತು ಗೊತ್ತಾ? "ಕೂಗಾಡ್ತಾಳೆ."

ಸ್ಯೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ರೂಪಿಸಿದ ಥೆರಪಿಯಲ್ಲಿ ಮುಖ್ಯವಾಗಿ ಇದನ್ನೇ ನೋಡುತ್ತಾರೆ. ಒಬ್ಬರು ಬೆನ್ನು ಹತ್ತಿದಷ್ಟೂ ಇನ್ನೊಬ್ಬರು ಓಡುತ್ತಾರೆ, ಓಡಿದಷ್ಟೂ ಇವರು ಬೆನ್ನು ಹತ್ತುತ್ತಾರೆ. ಯಾರು ಶುರು ಮಾಡಿದ್ದು ಅಂತ ಹುಡುಕುತ್ತಾ ಕೂತರೆ ವರ್ಷ ಕಳೆದರೂ ಸಿಗುವುದಿಲ್ಲ. ಆ ಸುತ್ತಾಟವನ್ನೇ ಇಬ್ಬರೂ ಒಟ್ಟಿಗೆ ನೋಡಬೇಕು.

20 ನಿಮಿಷದ ಬಿಡುವನ್ನು ನಾನು ಮೊದಲ ಸಲ ಬಳಸಿದ್ದು ನಾಚಿಕೆ ಪಡುವ ಹಾಗೆ. "ಇಪ್ಪತ್ತು ನಿಮಿಷ ಕೊಡು" ಅಂತ ರೂಮಿಗೆ ಹೋದೆ, ನಿದ್ದೆ ಹೋದೆ. ಬೆಳಿಗ್ಗೆ ಎದ್ದೆ. ಅದಕ್ಕೇ ಥೆರಪಿಸ್ಟ್ ಇನ್ನೊಂದು ನಿಯಮ ಸೇರಿಸಿದರು: ಬಿಡುವು ಕೇಳಿದವರೇ ವಾಪಸ್ ಬಂದು ಮಾತು ಶುರು ಮಾಡಬೇಕು. ಈಗ ಅಲಾರಂ ಇಡುತ್ತೇನೆ. ಅಲಾರಂ ಹೊಡೆದಾಗ ಕಾಲು ಭಾರವಾಗುತ್ತದೆ, ನಿಜ. ಬಾಗಿಲ ತನಕ ಹೋಗಿ "ಎಲ್ಲಿ ನಿಲ್ಲಿಸಿದ್ವಿ?" ಅಂತ ಕೇಳುವುದು ನನ್ನ ಮಟ್ಟಿಗೆ ಇವತ್ತಿಗೂ ಕಷ್ಟದ ಕೆಲಸವೇ.

ರಿಪೋರ್ಟ್ ವಿಷಯದಂಥ ಜಗಳಗಳು ಮುಗಿದಿಲ್ಲ. ಗಾಟ್‌ಮನ್ ಲೆಕ್ಕದಲ್ಲಿ ಜೋಡಿಗಳ ಜಗಳದಲ್ಲಿ 69% ಮುಗಿಯದ ವಿಷಯಗಳೇ. ನಾನು ಈಗಲೂ "ನೋಡೋಣ" ಅನ್ನುತ್ತೇನೆ. ಹೋದ ವಾರ "ಸರಿ..." ಅಂತ ಶುರು ಮಾಡಿ ಬಾಯಿ ಮುಚ್ಚಿಕೊಂಡೆ. ಅವಳು ಕೆಲಸ ನಿಲ್ಲಿಸಿ ತಿರುಗಿ ನೋಡಿದಳು. ಮುಂದಿನ ಪದ ಏನು ಬರುತ್ತದೆ ಅಂತ ಇಬ್ಬರೂ ಕಾಯುತ್ತಿದ್ದೆವು.

"ನನಗೆ ಹೆದರಿಕೆ ಆಗ್ತಿದೆ" ಅಂದೆ.

"ಯಾವುದಕ್ಕೆ?" ಅಂತ ಹೇಳಿ, ಅವಳು ಕುರ್ಚಿ ಎಳೆದುಕೊಂಡಳು.