ಅತ್ತೆಯ ಬಿ.ಪಿ.ಗೆ ಮನೆಮಂದಿಯೆಲ್ಲ ಕೂತೆವು

ಮನೆ ಬಾಗಿಲಿಗೇ ಬಂದು ಆರೋಗ್ಯ ತಪಾಸಣೆ ಮಾಡುವ ಸರ್ಕಾರದ ಗೃಹ ಆರೋಗ್ಯ ಯೋಜನೆ 2024ರಲ್ಲಿ ಶುರುವಾದದ್ದೇ ನಮ್ಮ ಕೋಲಾರದಿಂದ. ಆಶಾ ಅಕ್ಕನೂ ಸಮುದಾಯ ಆರೋಗ್ಯ ಅಧಿಕಾರಿಯೂ ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು.

ಬಂದವರು ತಕ್ಷಣ ತೋಳಿಗೆ ಪಟ್ಟಿ ಸುತ್ತಲಿಲ್ಲ. ಅತ್ತೆಯನ್ನು ಕುರ್ಚಿಗೆ ಒರಗಿಸಿ, ಪಾದ ನೆಲಕ್ಕೆ ಊರಿಸಿ, ಐದು ನಿಮಿಷ ಮಾತಾಡಿಸದೆ ಬಿಟ್ಟರು. ತೋಳನ್ನು ಎದೆಯ ಮಟ್ಟಕ್ಕೆ ದಿಂಬಿನ ಮೇಲಿಟ್ಟು ಅಳೆದರೆ 168/94. ಆಮೇಲೆ ನಿಲ್ಲಿಸಿಯೂ ನೋಡಿದರು. ವಯಸ್ಸಾದವರಿಗೆ ಎದ್ದು ನಿಂತಾಗ ಒತ್ತಡ ತಟ್ಟನೆ ಇಳಿದು ಬೀಳುವ ಭಯವಿರುತ್ತದೆ. ಮಾತ್ರೆ ಹೆಚ್ಚಿಸುವ ಮುನ್ನ ಅದು ಗೊತ್ತಿರಬೇಕು.

“ಮಾತ್ರೆ ದಿನಾ ತೆಗೆದುಕೊಳ್ಳುತ್ತೀರಾ ಅಜ್ಜಿ?”

“ತಲೆ ಸುತ್ತಿದ ದಿನ ತೆಗೆದುಕೊಳ್ಳುತ್ತೇನಮ್ಮ.”

ಅಧಿಕಾರಿ ಗದರಲಿಲ್ಲ. ತಲೆ ಸುತ್ತದಿದ್ದರೂ ಬಿ.ಪಿ. ಮಿದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತಲೇ ಇರುತ್ತದೆ ಎಂದು ನಿಧಾನವಾಗಿ ಹೇಳಿದರು. ಮಾತ್ರೆಗಳ ಡಬ್ಬಿ ತರಿಸಿದರು. ಅದರಲ್ಲಿ ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಸಿಕ್ಕಿತು. ಅದೂ ಬಿ.ಪಿ. ಏರಿಸಬಲ್ಲದಂತೆ.

ನಂತರ ಅಡುಗೆ ಯಾರದೆಂದು ಕೇಳಿ ನನ್ನನ್ನು, ಯಜಮಾನರನ್ನು, ಮಗನನ್ನು ಕೂರಿಸಿಕೊಂಡರು. ಒಬ್ಬರಿಗೆ ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯಲ್ಲಿರುವುದೂ ಆ ಲೆಕ್ಕಕ್ಕೇ ಸೇರಬೇಕು. ಅತ್ತೆಗೆ ಬೇರೆ ಅಡುಗೆ ಬೇಡ, ಎಲ್ಲರಿಗೂ ಉಪ್ಪು ಇಳಿಸಿ ಎಂದರು. ಆ ಮಾತು ನನಗೆ ಬಹಳ ಹಿಡಿಸಿತು. ಹಿರಿಯರಿಗೊಬ್ಬರಿಗೇ ಸಪ್ಪೆ ಸಾರು ಬಡಿಸುವುದೆಂದರೆ ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಅದೂ ಅಲ್ಲದೆ ಯಜಮಾನರದ್ದೇ 146/92 ಬಂದಿತ್ತು. ಇನ್ನೊಂದು ದಿನ ಮತ್ತೆ ಅಳೆಸಬೇಕೆಂದರು.

ಬೆಳಗಿನ ಮಾತ್ರೆ ಕೊಡುವ ಕೆಲಸವನ್ನು ಮಗ ವಹಿಸಿಕೊಂಡ. ಕೆಲವು ವಾರಗಳಲ್ಲಿ ಅತ್ತೆಯ ಕಾಲ್ಗಂಟು ಊದಿಕೊಂಡಿತು. “ಇದು ಮಾತ್ರೆಯದ್ದೇ, ಇನ್ನು ಬೇಡ” ಎಂದು ಹಟ ಹಿಡಿದರು. ಅವರ ಅನುಮಾನ ಸುಳ್ಳಲ್ಲ, ಅವರು ತೆಗೆದುಕೊಳ್ಳುತ್ತಿದ್ದ ಬಿ.ಪಿ. ಮಾತ್ರೆ ಆಮ್ಲೋಡಿಪಿನ್‌ಗೆ ಆ ಗುಣವಿದೆ. ಮಗ ಆಶಾ ಅಕ್ಕನಿಗೆ ಫೋನ್ ಮಾಡಿ, ಅಜ್ಜಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದ. ವೈದ್ಯರು ಪರೀಕ್ಷಿಸಿ, ಅದನ್ನು ನಿಲ್ಲಿಸಿ ಟೆಲ್ಮಿಸಾರ್ಟನ್ ಎಂಬ ಬೇರೆ ಬಿ.ಪಿ. ಮಾತ್ರೆ ಬರೆದರು, ರಕ್ತಪರೀಕ್ಷೆಗೂ ಕಳಿಸಿದರು. ಕಳೆದ ಸಲ ಅಳೆದಾಗ 136/80 ಇತ್ತು.

ನನ್ನ ಆಸೆ ಇಷ್ಟೇ: ತಿಂಗಳಿಗಾಗುವಷ್ಟು ಮಾತ್ರೆ ಊರಿನಲ್ಲೇ ಸಿಗುವುದು ಎಂದೂ ನಿಲ್ಲದಿರಲಿ. ಕೂಲಿ ಬಿಟ್ಟು ಪೇಟೆಗೆ ಓಡಬೇಕಾದರೆ ಎಷ್ಟೋ ಮನೆಗಳಲ್ಲಿ ಮೊದಲು ತಪ್ಪುವುದು ಮುದುಕರ ಮಾತ್ರೆಯೇ.